ಧೂಳು ಹಿಡಿಯುವ ರಬ್ಬರ್ ಬ್ಯಾಂಡ್: ಕೊಡಗಿನ ತೋಟ, ಗೋದಾಮು ಮತ್ತು ಕಚೇರಿಗಳಿಗಾಗಿ ದೋಷ ನಿವಾರಣೆ ಕೈಪಿಡಿ

ಕಾಫಿ ಮಾದರಿಯ ಪೊಟ್ಟಣಗಳ ಬಾಯಿ ಕಟ್ಟುವುದಕ್ಕೆ, ಚೆಕ್‌ರೋಲ್ (ಕೂಲಿಕಾರರ ಹಾಜರಿ) ಹಾಳೆಗಳನ್ನು ಒಟ್ಟಾಗಿ ಹಿಡಿದಿಡುವುದಕ್ಕೆ, ಏಲಕ್ಕಿ ಮತ್ತು ಕರಿಮೆಣಸಿನ ಸಣ್ಣ ಚೀಲಗಳನ್ನು ಬಿಗಿಯುವುದಕ್ಕೆ ಕೊಡಗಿನ ತೋಟಗಳಲ್ಲೂ ಅಂಗಡಿಗಳಲ್ಲೂ ದಿನನಿತ್ಯ ಬಳಕೆಯಾಗುವ ರಬ್ಬರ್ ಬ್ಯಾಂಡ್‌ಗಳ ಬಗ್ಗೆ ಪದೇ ಪದೇ ಕೇಳಿಬರುವ ದೂರು, ಅವು ಧೂಳನ್ನು ಎಳೆದುಕೊಳ್ಳುತ್ತವೆ ಎಂಬುದು. ಬ್ಯಾಂಡಿನ ಮೈ ಬೂದುಬಣ್ಣಕ್ಕೆ ತಿರುಗುತ್ತದೆ. ಮುಟ್ಟಿದ ಕೈಗೂ ಸುತ್ತಿದ ಕಾಗದಕ್ಕೂ ಕೊಳೆ ಹತ್ತುತ್ತದೆ. ಅದೇ ಮೇಜಿನ ಮೇಲಿರುವ ಉಕ್ಕಿನ ಅಳತೆಪಟ್ಟಿಯ ಮೇಲೂ ಗಾಜಿನ ಪೇಪರ್‌ವೇಟಿನ ಮೇಲೂ ಅಷ್ಟೇ ಧೂಳು ಬೀಳುತ್ತದೆಯಾದರೂ ಒಮ್ಮೆ ಬಟ್ಟೆಯಾಡಿಸಿದರೆ ಅವು ಸ್ವಚ್ಛವಾಗುತ್ತವೆ, ಬ್ಯಾಂಡ್ ಆಗುವುದಿಲ್ಲ. ಆದುದರಿಂದ ಕೋಣೆಯ ಧೂಳಿನ ಜೊತೆಗೆ, ಬಿದ್ದ ಧೂಳನ್ನು ಬಿಟ್ಟುಕೊಡದ ಬ್ಯಾಂಡಿನ ಮೈಯನ್ನೂ ಪರೀಕ್ಷಿಸಬೇಕಾಗುತ್ತದೆ.

ಧೂಳು ಹಿಡಿಯುವುದು ಒಂದು ಲಕ್ಷಣ. ಅದರ ಹಿಂದೆ ಇರಬಹುದಾದ ದೋಷಗಳು ಹಲವು, ಮತ್ತು ಒಂದಕ್ಕೆ ಮಾಡುವ ಪರಿಹಾರ ಇನ್ನೊಂದನ್ನು ಹದಗೆಡಿಸುತ್ತದೆ. ಸ್ಥಿರ ವಿದ್ಯುತ್ತಿನಿಂದ ಧೂಳನ್ನು ಸೆಳೆಯುವ ಬ್ಯಾಂಡಿಗೆ ಸ್ವಲ್ಪ ತೇವ ತಾಗಿಸಿದರೆ ದೋಷ ಹೋಗುತ್ತದೆ. ಬೂಷ್ಟು ಹಿಡಿದ ಬ್ಯಾಂಡಿಗೆ ಅದೇ ತೇವ ಕೇಡು. ಸ್ವಲ್ಪವೇ ಅಂಟಿರುವ ಹೊಸ ಬ್ಯಾಂಡಿಗೆ ತೆಳುವಾಗಿ ಪುಡಿ ಲೇಪಿಸಿದರೆ ಸಾಕು. ಹಳತಾಗಿ ಒಳಗಿನಿಂದಲೇ ಕರಗತೊಡಗಿದ ಬ್ಯಾಂಡು ಎಷ್ಟು ಪುಡಿ ಹಾಕಿದರೂ ಅದನ್ನು ನುಂಗಿಕೊಂಡು ಇನ್ನಷ್ಟು ಕೊಳಕಾಗುತ್ತದೆ. ಕಾರಣ ಗೊತ್ತಾಗುವ ಮುನ್ನ ತೊಳೆಯುವುದಾಗಲಿ, ಪುಡಿ ಹಾಕುವುದಾಗಲಿ, ಬಿಸಿಲಿಗಿಡುವುದಾಗಲಿ ಮಾಡಬಾರದು ಎಂಬುದೇ ಇಲ್ಲಿ ಹೇಳಬೇಕಾದ ಮುಖ್ಯ ಮಾತು.

ಬ್ಯಾಂಡಿನ ಮೈಯ ಸ್ವಭಾವ

ಕೊಡಗಿನ ಪಶ್ಚಿಮದ ಅಂಚಿನಲ್ಲಿ, ಸಂಪಾಜೆಯ ಕಡೆಯ ತಗ್ಗಿನ ತೋಟಗಳಲ್ಲಿ ರಬ್ಬರ್ ಮರಗಳಿಂದ ಇಳಿಸುವ ಹಾಲಿನಲ್ಲಿ ಸುಮಾರು ಮೂರನೆಯ ಒಂದು ಭಾಗ ರಬ್ಬರ್ ಇರುತ್ತದೆ. ಉಳಿದದ್ದು ಬಹುಪಾಲು ನೀರು, ಜೊತೆಗೆ ಸ್ವಲ್ಪ ಪ್ರೋಟೀನು, ಸಕ್ಕರೆ ಮತ್ತು ಲವಣಗಳು. ಆಮ್ಲ ಸೇರಿಸಿ ಹೆಪ್ಪುಗಟ್ಟಿಸಿದ ಹಸಿ ರಬ್ಬರ್ ಬಿಸಿಯಲ್ಲಿ ಅಂಟಾಗಿ, ಚಳಿಯಲ್ಲಿ ಬಿರುಸಾಗಿ ಬಿಡುವುದರಿಂದ ಅದನ್ನು ಹಾಗೆಯೇ ಬಳಸಲಾಗದು. ಗಂಧಕ ಬೆರೆಸಿ ಬಿಸಿ ಮಾಡಿದರೆ ರಬ್ಬರ್ ಸ್ಥಿರವಾಗುತ್ತದೆ (ಅದರ ಉದ್ದನೆಯ ಅಣುಸರಪಣಿಗಳ ನಡುವೆ ಗಂಧಕದ ಸೇತುವೆಗಳು ಬೀಳುವುದೇ ಕಾರಣವೆಂದು ಬಳಿಕ ತಿಳಿಯಿತು) ಎಂಬುದನ್ನು ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡು 1844ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಮೇಲೆ, ಮರುವರ್ಷವೇ ಲಂಡನ್ನಿನ ಸ್ಟೀಫನ್ ಪೆರಿ ಕಾಗದಗಳನ್ನು ಹಿಡಿದಿಡುವ ರಬ್ಬರ್ ಬ್ಯಾಂಡಿಗೆ ಪೇಟೆಂಟ್ ಪಡೆದರು. ಇಂದು ತಯಾರಿಕೆಯ ಕ್ರಮ ಹೀಗಿದೆ: ಗಂಧಕ, ಬಣ್ಣ, ಸೀಮೆಸುಣ್ಣದಂಥ ಪುಡಿ ಮತ್ತು ಗಾಳಿಯ ಹೊಡೆತ ತಡೆಯುವ ರಾಸಾಯನಿಕಗಳನ್ನು ಬೆರೆಸಿದ ರಬ್ಬರನ್ನು ಕೊಳವೆಯಾಗಿ ಹಿಂಡಿ, ಒಳಮೈ ಅಂಟದಿರಲೆಂದು ಟಾಲ್ಕ್ ಪುಡಿ ಸವರಿದ ಸರಳಿಗೆ ತೊಡಿಸಿ, ಬೇಯಿಸಿ, ಕೊನೆಗೆ ಬಳೆಗಳಂತೆ ಕತ್ತರಿಸುತ್ತಾರೆ.

ಇದರಿಂದ ದೋಷ ಪತ್ತೆಗೆ ನೆರವಾಗುವ ಮೂರು ಸಂಗತಿಗಳು ತಿಳಿಯುತ್ತವೆ. ರಬ್ಬರ್ ಮೆದುವಾದುದರಿಂದ, ಅದರ ಮೇಲೆ ಬಿದ್ದ ಕಣ ಗಾಜಿನ ಮೇಲಿನಂತೆ ಒಂದೆರಡು ಚುಕ್ಕಿಗಳಲ್ಲಷ್ಟೇ ತಾಗಿ ನಿಲ್ಲುವುದಿಲ್ಲ. ತಾಗಿದ ಜಾಗ ತುಸು ಒಳಕ್ಕೆ ಬಾಗಿ ಕಣದ ಆಕಾರಕ್ಕೆ ಹೊಂದಿಕೊಳ್ಳುತ್ತದೆ, ಹಿಡಿತ ಬಲವಾಗುತ್ತದೆ. ಎರಡನೆಯದಾಗಿ, ರಬ್ಬರ್ ವಿದ್ಯುತ್ತನ್ನು ಹರಿಯಗೊಡದ ವಸ್ತುವಾದುದರಿಂದ ಅದರ ಮೈಗೆ ಬಂದ ವಿದ್ಯುತ್ ಆವೇಶ (ಚಾರ್ಜ್) ಬೇಗ ಇಳಿಯುವುದಿಲ್ಲ. ಮೂರನೆಯದಾಗಿ, ಗಂಧಕದಿಂದ ಬೆಸೆದ ಮೇಲೂ ಅಣುಸರಪಣಿಗಳಲ್ಲಿ ರಾಸಾಯನಿಕ ದಾಳಿಗೆ ಸುಲಭವಾಗಿ ಸಿಗುವ ದ್ವಿಬಂಧಗಳು (ಜೋಡಿ ಬೆಸುಗೆಗಳು) ಬಹಳಷ್ಟು ಉಳಿದಿರುತ್ತವೆ. ಗಾಳಿಯ ಆಮ್ಲಜನಕ ಮತ್ತು ಓಜೋನ್ ಅಲ್ಲಿಯೇ ಕೈಯಿಡುತ್ತವೆ. ಸರಪಣಿ ತುಂಡಾದಷ್ಟೂ ಬ್ಯಾಂಡು ಮತ್ತೆ ಹಸಿ ರಬ್ಬರಿನ ಅಂಟುತನದ ಕಡೆಗೆ ಜಾರುತ್ತದೆ.

ಕಂಡದ್ದು ಧೂಳೇ ಹೌದೇ?

ಬ್ಯಾಂಡಿನ ಮೇಲೆ ಕಾಣುವ ಬಿಳಿ ಅಥವಾ ಬೂದು ಪದರವೆಲ್ಲ ಧೂಳಲ್ಲ. ಹೊಸ ಪೊಟ್ಟಣ ಒಡೆದಾಗ ಎಲ್ಲ ಬ್ಯಾಂಡುಗಳ ಮೇಲೂ, ವಿಶೇಷವಾಗಿ ಒಳಮೈಯಲ್ಲಿ, ಸಮನಾಗಿ ಹರಡಿದ, ಬೆರಳಿಗೆ ನುಣುಪಾಗಿ ತಾಗುವ ಪುಡಿಯಿದ್ದರೆ ಅದು ತಯಾರಿಕೆಯಲ್ಲಿ ಹಾಕಿದ ಟಾಲ್ಕ್. ಅದನ್ನು ತೊಳೆದು ತೆಗೆಯುವುದು ಬ್ಯಾಂಡಿಗಿದ್ದ ರಕ್ಷಣೆಯನ್ನು ಕಿತ್ತುಹಾಕಿದಂತೆ.

ಕೆಲವು ಬ್ಯಾಂಡುಗಳ ಮೇಲೆ ತಿಂಗಳುಗಳ ಬಳಿಕ ತೆಳುವಾದ ಮಬ್ಬು ಪೊರೆಯೊಂದು ಮೂಡುತ್ತದೆ. ಒರೆಸಿದರೆ ಹೋಗಿ ಕೆಲವೇ ದಿನಗಳಲ್ಲಿ ಮತ್ತೆ ಬಂದರೆ, ಅದು ಹೊರಗಿನಿಂದ ಬಿದ್ದದ್ದಾಗಿರದೆ ಒಳಗಿನಿಂದ ಒಸರಿದ ಮೇಣ ಅಥವಾ ಗಂಧಕ ಎಂದು ಅನುಮಾನಿಸಬೇಕು. ಬಿಸಿನೀರು ತುಂಬಿದ ಸ್ಟೀಲ್ ಲೋಟದ ಹೊರಮೈಗೆ ಬ್ಯಾಂಡನ್ನು ಸ್ವಲ್ಪ ಹೊತ್ತು ತಾಗಿಸಿ ಹಿಡಿದರೆ ಮೇಣದ ಪೊರೆ ಕರಗಿ ಮಾಯವಾಗುತ್ತದೆ, ಗಂಧಕದ್ದು ಹಾಗೆಯೇ ಉಳಿಯುತ್ತದೆ, ನಿಜವಾದ ಧೂಳೂ ಉಳಿಯುತ್ತದೆ; ಆದರೆ ಧೂಳಿನಲ್ಲಿ ಎಳೆಗಳು, ಕಪ್ಪು-ಕೆಂಪು ಕಣಗಳು ಬೆರೆತಿರುವುದು ಮಸೂರದಲ್ಲಿ ಕಾಣುತ್ತದೆ. ಮೇಣದ ಪೊರೆಯನ್ನು ಒರೆಸದೆ ಬಿಡುವುದೇ ಮೇಲು, ಏಕೆಂದರೆ ಓಜೋನಿನಿಂದ ಕಾಯಲೆಂದೇ ಅದನ್ನು ಬೆರೆಸಿರುತ್ತಾರೆ.

ಅಗ್ಗದ ಬ್ಯಾಂಡುಗಳಲ್ಲಿ ಇನ್ನೊಂದು ತೊಡಕಿದೆ. ರಬ್ಬರಿನ ಪಾಲು ಕಡಿಮೆ ಮಾಡಿ ಸೀಮೆಸುಣ್ಣದ ಪುಡಿಯ ಪಾಲು ಹೆಚ್ಚಿಸಿದ ಬ್ಯಾಂಡನ್ನು ಎಳೆದು ಬಿಟ್ಟರೆ ಅದರಿಂದಲೇ ಸಣ್ಣ ಬಿಳಿ ಪುಡಿ ಉದುರಬಹುದು. ಇದಕ್ಕೆ ಸುಲಭವಾದ ಪರೀಕ್ಷೆಯುಂಟು: ಒಂದು ಲೋಟ ನೀರಿಗೆ ಒಂದು ತೊಟ್ಟು ಸೋಪಿನ ನೀರು ಸೇರಿಸಿ, ಬ್ಯಾಂಡಿಗೆ ಹತ್ತಿಕೊಂಡ ಗಾಳಿಗುಳ್ಳೆಗಳು ಬಿಟ್ಟುಹೋಗುವಂತೆ ಬೆರಳಿನಿಂದ ಉಜ್ಜಿ ಒಳಗೆ ಬಿಡಬೇಕು. ಶುದ್ಧ ರಬ್ಬರ್ ನೀರಿಗಿಂತ ಹಗುರವಾದುದರಿಂದ ತೇಲುತ್ತದೆ. ಭಾರದ ಪುಡಿ ಹೆಚ್ಚಾಗಿ ಸೇರಿದ್ದು ಮುಳುಗುತ್ತದೆ. ತೇಲಿದ ಮಾತ್ರಕ್ಕೆ ಬ್ಯಾಂಡು ಉತ್ತಮವೆಂದು ಹೇಳಲಾಗದಿದ್ದರೂ, ನೇರವಾಗಿ ತಳಕ್ಕಿಳಿದ ಬ್ಯಾಂಡಿನಿಂದ ಪುಡಿ ಉದುರುತ್ತಿದ್ದರೆ ಧೂಳಿನ ಮೂಲವನ್ನು ಬೇರೆಡೆ ಹುಡುಕಬೇಕಾಗಿಲ್ಲ.

ಮಳೆಗಾಲದಲ್ಲಿ ಬೂಷ್ಟಿನ ಸಾಧ್ಯತೆಯನ್ನು ಮೊದಲು ತೆಗೆದುಹಾಕಬೇಕು. ಮಳೆ ಜೋರಾಗಿರುವ ಕಕ್ಕಡ ತಿಂಗಳ ದಿನಗಳಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟು ಎಲ್ಲಕ್ಕೂ ಬೂಷ್ಟು ಬರುವ ಮನೆಯಲ್ಲಿ ರಬ್ಬರ್ ಬ್ಯಾಂಡಿಗೆ ಬಾರದಿರುವುದಿಲ್ಲ. ರಬ್ಬರಿನಲ್ಲಿ ಉಳಿದ ಪ್ರೋಟೀನು ಮತ್ತು ಸಕ್ಕರೆಯ ಅಂಶ, ಅದಕ್ಕಿಂತ ಹೆಚ್ಚಾಗಿ ಕೈಬೆವರು ಮತ್ತು ತಿಂಡಿಯ ಜಿಡ್ಡು, ಶಿಲೀಂಧ್ರಕ್ಕೆ ಆಹಾರವಾಗುತ್ತವೆ. ರಬ್ಬರ್ ಹಾಳೆಗಳನ್ನು ಹೊಗೆಗೂಡಿನಲ್ಲಿ ಒಣಗಿಸುವ ಉದ್ದೇಶಗಳಲ್ಲಿ ಬೂಷ್ಟನ್ನು ದೂರವಿಡುವುದೂ ಒಂದು. ಬೂಷ್ಟು ಸಮನಾಗಿ ಹರಡದೆ ದುಂಡು ದುಂಡು ಚುಕ್ಕಿಗಳಾಗಿ ಬರುತ್ತದೆ, ಮುಗ್ಗಲು ವಾಸನೆ ಕೊಡುತ್ತದೆ, ಒಣಬಟ್ಟೆಯಿಂದ ಒರೆಸಿದರೆ ಸುಲಭವಾಗಿ ಹೋಗುತ್ತದೆ, ಮತ್ತು ಡಬ್ಬಿಯ ಒಳಗೋಡೆಯಲ್ಲೂ ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತದೆ.

ಒಣ ತಿಂಗಳುಗಳ ದೋಷ: ಸ್ಥಿರ ವಿದ್ಯುತ್

ನಿಜವಾದ ಧೂಳೆಂದು ಖಚಿತವಾದ ಮೇಲೆ ಮೊದಲ ಸುಳಿವು ಕ್ಯಾಲೆಂಡರಿನಲ್ಲಿದೆ. ಜನವರಿಯಿಂದ, ಕಾಫಿ ಹೂವರಳಿಸುವ ಹೂಮಳೆ ಬೀಳುವ ತನಕದ ಒಣಹವೆಯಲ್ಲಿ ದೋಷ ಹೆಚ್ಚಾಗಿ, ಮುಂಗಾರು ಹಿಡಿದ ಕೂಡಲೇ ತಾನಾಗಿ ಕಡಿಮೆಯಾದರೆ ಅದು ಬಹುತೇಕ ಸ್ಥಿರ ವಿದ್ಯುತ್ತಿನದು. ರೊಬಸ್ಟಾ ಕಾಫಿಯ ಕೊಯ್ಲು ಮುಗಿಯುತ್ತಾ ಒಣಗಿಸುವ ಕಣಗಳಲ್ಲಿ (ಅಂಗಳಗಳಲ್ಲಿ) ಚೆರ್ರಿ, ಅಂದರೆ ಕಾಫಿಹಣ್ಣು, ಒಣಗುವ, ಅದನ್ನು ಹಗಲೆಲ್ಲ ಗೋರಿ ತಿರುವುವ, ತೋಟದ ಮಣ್ಣುರಸ್ತೆಯಲ್ಲಿ ಜೀಪು, ಟ್ರ್ಯಾಕ್ಟರುಗಳು ಕೆಂಪುಧೂಳು ಎಬ್ಬಿಸುವ ಕಾಲವೂ ಅದೇ ಆದುದರಿಂದ, ಎಳೆಯುವ ಬಲವೂ ಎಳೆಸಿಕೊಳ್ಳುವ ಧೂಳೂ ಒಟ್ಟಿಗೇ ಹೆಚ್ಚುತ್ತವೆ. ಕುಶಾಲನಗರದ ಕಾಫಿ ಕ್ಯೂರಿಂಗ್ (ಸಿಪ್ಪೆ ಬಿಡಿಸಿ ಹಸನುಮಾಡುವ) ಘಟಕಗಳಂಥ ಕಡೆಗಳಲ್ಲಿ ಇದಕ್ಕೆ ಸಿಪ್ಪೆಯ ಪುಡಿಯೂ ಕಾಫಿಬೀಜದಿಂದ ಬಿಡುವ ತೆಳ್ಳನೆಯ ಬೆಳ್ಳಿಪೊರೆಯೂ ಸೇರಿಕೊಳ್ಳುತ್ತವೆ. ಅವು ಎಷ್ಟು ಹಗುರವೆಂದರೆ ಅಲ್ಪ ಆವೇಶಕ್ಕೂ ಹಾರಿ ಬಂದು ಅಂಟುತ್ತವೆ.

ಆವೇಶ ಹುಟ್ಟುವುದು ಉಜ್ಜಾಟದಿಂದ. ಪ್ಲಾಸ್ಟಿಕ್ ಚೀಲದಿಂದ ಬ್ಯಾಂಡುಗಳನ್ನು ಸುರಿಯುವಾಗ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೆರಳಾಡಿಸಿ ಹುಡುಕುವಾಗ, ಪಾಲಿಥೀನ್ ಪೊಟ್ಟಣದ ಕತ್ತಿಗೆ ಎಳೆದು ಸುತ್ತುವಾಗ ಎರಡು ಅವಾಹಕ ವಸ್ತುಗಳು ಪರಸ್ಪರ ತಾಗಿ ಬೇರ್ಪಟ್ಟು ಒಂದರ ಮೇಲೊಂದು ಆವೇಶ ಬಿಟ್ಟುಹೋಗುತ್ತವೆ. ಹವೆಯಲ್ಲಿ ತೇವಾಂಶವಿದ್ದರೆ ಮೈಮೇಲೆ ಕಾಣದಷ್ಟು ತೆಳುವಾದ ನೀರಿನ ಪದರ ಕುಳಿತು ಆವೇಶವನ್ನು ಹರಿದುಹೋಗಲು ಬಿಡುತ್ತದೆ. ಒಣಹವೆಯಲ್ಲಿ ಆ ದಾರಿ ಮುಚ್ಚಿರುತ್ತದೆ. ಇಲ್ಲಿ ಬಹಳ ಮಂದಿ ಮಾಡುವುದೇನೆಂದರೆ ಧೂಳು ಕಂಡೊಡನೆ ಒಣಬಟ್ಟೆಯಿಂದ, ಅದರಲ್ಲೂ ಟೆರಿಕಾಟ್ ಬಟ್ಟೆಯಿಂದ, ಜೋರಾಗಿ ಉಜ್ಜುವುದು. ಅದರಿಂದ ಆವೇಶ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ, ಮತ್ತು ಒಂದು ಗಂಟೆಯೊಳಗೆ ಬ್ಯಾಂಡು ಮೊದಲಿಗಿಂತ ಹೆಚ್ಚು ಧೂಳು ಹೊತ್ತಿರುತ್ತದೆ.

ಪರೀಕ್ಷೆಗೆ ಸಣ್ಣಗೆ ಹರಿದ ಕಾಗದದ ಚೂರುಗಳನ್ನೋ ಬೆಳ್ಳಿಪೊರೆಯನ್ನೋ ಮೇಜಿನ ಮೇಲೆ ಹರಡಿ, ಬ್ಯಾಂಡನ್ನು ತಾಗಿಸದೆ ಒಂದು ಬೆರಳಿನ ದಪ್ಪದಷ್ಟು ಮೇಲೆ ಹಿಡಿಯಬೇಕು. ಚೂರುಗಳು ಎದ್ದು ನಿಂತರೆ ಅಥವಾ ಹಾರಿ ಬಂದು ಅಂಟಿದರೆ ಆವೇಶವಿದೆ. ಬಳಿಕ ಬ್ಯಾಂಡಿನ ಮೇಲೆ ಬಾಯಿಯಿಂದ ನಿಧಾನವಾಗಿ ಹಬೆಯುಸಿರು ಬಿಟ್ಟು ಮತ್ತೆ ಹಿಡಿಯಬೇಕು. ಸೆಳೆತ ನಿಂತರೆ ಅಥವಾ ಬಹಳ ಕಡಿಮೆಯಾದರೆ ತೀರ್ಮಾನ ಖಚಿತ. ಉಸಿರು ಬಿಟ್ಟ ಮೇಲೂ ಧೂಳು ಅಷ್ಟೇ ಬಿಗಿಯಾಗಿ ಹಿಡಿದಿದ್ದರೆ ದೋಷ ಬೇರೆ.

ಪರಿಹಾರ ಸರಳವಾಗಿದೆ. ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಹತ್ತಿಬಟ್ಟೆಯಿಂದ ಬ್ಯಾಂಡುಗಳನ್ನು ಒಮ್ಮೆ ಸವರಿ, ನೆರಳಿನಲ್ಲಿ ಆರಲು ಬಿಟ್ಟು, ಪ್ಲಾಸ್ಟಿಕ್ಕಿನ ಬದಲು ರಟ್ಟಿನ ಪೆಟ್ಟಿಗೆ, ಹತ್ತಿಯ ಚೀಲ ಅಥವಾ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಇಟ್ಟರೆ ಈ ದೋಷ ಬಹಳ ಮಟ್ಟಿಗೆ ನಿಲ್ಲುತ್ತದೆ. ಮಾದರಿ ಪೊಟ್ಟಣಗಳಿಗೆ ಪಾಲಿಥೀನ್ ಬಿಟ್ಟು ಕಾಗದದ ಲಕೋಟೆ ಬಳಸಲು ಅವಕಾಶವಿರುವಲ್ಲಿ ಅದೇ ಒಳ್ಳೆಯದು. ಕಣದ ಕಡೆಗೆ ತೆರೆಯುವ ಕಿಟಕಿಯ ಕೆಳಗೆ ಬ್ಯಾಂಡಿನ ತಟ್ಟೆ ಇಟ್ಟುಕೊಂಡು ಇಷ್ಟೆಲ್ಲ ಮಾಡಿದರೂ ಪ್ರಯೋಜನ ಅಲ್ಪ. ತಟ್ಟೆಯ ಜಾಗ ಬದಲಾಯಿಸುವುದು ಮೊದಲ ಕೆಲಸ.

ಅಂಟಿನಿಂದ ಹಿಡಿದ ಧೂಳು

ಹೆಚ್ಚಿನ ದೂರುಗಳ ನಿಜವಾದ ಮೂಲ ಇಲ್ಲಿದೆ, ಆದುದರಿಂದ ಈ ಭಾಗವನ್ನು ಅವಸರದಿಂದ ದಾಟಬಾರದು. ಸ್ವಚ್ಛವಾದ ಬಿಳಿ ಕಾಗದದ ಮೇಲೆ ಬ್ಯಾಂಡನ್ನಿಟ್ಟು ಹೆಬ್ಬೆರಳಿನಿಂದ ಹತ್ತೆಣಿಸುವಷ್ಟು ಹೊತ್ತು ಒತ್ತಿ ಮೇಲೆತ್ತಬೇಕು. ಕಾಗದ ಬ್ಯಾಂಡಿನ ಜೊತೆ ಸ್ವಲ್ಪ ಎದ್ದು ಕಲೆಯಿಲ್ಲದೆ ಬಿಟ್ಟುಕೊಂಡರೆ ಅಂಟು ಮೇಲುಮೈಯದು. ಹಳದಿ ಅಥವಾ ಕಂದು ಗುರುತು ಉಳಿದರೆ ರಬ್ಬರ್ ಒಡೆಯತೊಡಗಿದೆ. ಎತ್ತುವಾಗ ನೂಲಿನಂಥ ಎಳೆ ಬಂದರೆ ಆ ಬ್ಯಾಂಡಿಗೆ ಚಿಕಿತ್ಸೆಯಿಲ್ಲ. ತುಂಡಾದ ಅಣುಸರಪಣಿಗಳನ್ನು ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ಮರಳಿ ಜೋಡಿಸಲಾಗದು. ಜೊತೆಗೆ, ಬ್ಯಾಂಡನ್ನು ಎರಡು ಪಟ್ಟು ಎಳೆದು ಬಿಟ್ಟು ಅದೇ ಪೊಟ್ಟಣದ ಬಳಸದ ಬ್ಯಾಂಡಿನ ಪಕ್ಕದಲ್ಲಿ ಇಟ್ಟು ನೋಡಬೇಕು. ಮೊದಲಿನ ಉದ್ದಕ್ಕೆ ಮರಳದಿದ್ದರೆ ಒಳಗಿನ ಬೆಸುಗೆಯೂ ಸಡಿಲವಾಗಿದೆ ಎಂದರ್ಥ.

ಈ ಹೋಲಿಕೆಗಾಗಿ ಪ್ರತಿ ಹೊಸ ಪೊಟ್ಟಣದಿಂದಲೂ ಕೆಲವು ಬ್ಯಾಂಡುಗಳನ್ನು ತೆಗೆದು, ಕೊಂಡ ದಿನಾಂಕ ಬರೆದ ಕಂದು ಕಾಗದದ ಲಕೋಟೆಯಲ್ಲಿ ಹಾಕಿ, ಕಚೇರಿಯ ಬೀರುವಿನಲ್ಲಿ ಮುಟ್ಟದೆ ಇಡುವ ಅಭ್ಯಾಸವನ್ನು ನಾನು ತೋಟದ ಲೆಕ್ಕ ಬರೆಯುವ ಎಲ್ಲ ರೈಟರುಗಳಿಗೂ ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಲಕೋಟೆಯೊಳಗಿನವು ಚೆನ್ನಾಗಿದ್ದು ಬಳಕೆಯವು ಮಾತ್ರ ಕೆಟ್ಟರೆ ದೋಷ ಬಳಸುವ ಜಾಗದ್ದು. ಎರಡೂ ಒಟ್ಟಿಗೆ ಕೆಟ್ಟರೆ ದೋಷ ಸರಕಿನದು ಅಥವಾ ಅದರ ವಯಸ್ಸಿನದು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಸ್ಪಷ್ಟ ಉತ್ತರ ಕೊಡುವ ಪರೀಕ್ಷೆ ಬೇರೊಂದಿಲ್ಲ.

ಅಂಟಿಗೆ ಎಣ್ಣೆ ಕಾರಣವಾಗಿದ್ದರೆ ಬ್ಯಾಂಡು ಲಕೋಟೆಯಲ್ಲಿರುವುದಕ್ಕಿಂತ ತುಸು ಊದಿಕೊಂಡು ಮೆದುವಾಗಿರುತ್ತದೆ. ಸೀಮೆಎಣ್ಣೆ, ಪೆಟ್ರೋಲು, ಡೀಸೆಲು, ಯಂತ್ರಕ್ಕೆ ಹಾಕುವ ಎಣ್ಣೆ, ಗ್ರೀಸು ಇವೆಲ್ಲ ನೈಸರ್ಗಿಕ ರಬ್ಬರಿನೊಳಕ್ಕೆ ಇಳಿದು ಅದನ್ನು ಉಬ್ಬಿಸುತ್ತವೆ. ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಅಥವಾ ಕಳೆ ಕತ್ತರಿಸುವ ಯಂತ್ರವನ್ನು ರಿಪೇರಿ ಮಾಡಿದ ಕೈಯಿಂದಲೇ ಬ್ಯಾಂಡಿನ ಡಬ್ಬಿಗೆ ಕೈ ಹಾಕಿದರೆ ಡಬ್ಬಿಯೆಲ್ಲ ಕೆಡಬಹುದು. ಅಡುಗೆಮನೆಯ ತುಪ್ಪ, ಕೊಬ್ಬರಿ ಎಣ್ಣೆ, ಹಂದಿಮಾಂಸದ ಕೊಬ್ಬಿನ ಜಿಡ್ಡು ಸಹ ಕಾಲಕ್ರಮದಲ್ಲಿ ಮೈಯನ್ನು ಮೆತ್ತಗಾಗಿಸಿ ಧೂಳಿಗೆ ಅಂಟಾಗುತ್ತವೆ. ಸೋಪಿನಿಂದ ತೊಳೆದು ಒಣಗಿಸಿದ ಮೇಲೆ ಅಂಟು ಹೋಗಿ ವಾರವಾದರೂ ಮರಳದಿದ್ದರೆ ಕಾರಣ ಎಣ್ಣೆಯೇ. ತೊಳೆದ ಬಳಿಕ ಕೆಲವೇ ದಿನಗಳಲ್ಲಿ ಅಂಟು ಮತ್ತೆ ಒಸರಿದರೆ ರಬ್ಬರೇ ಹಾಳಾಗುತ್ತಿದೆ.

ಹಾಗೆ ಹಾಳಾಗಲು ಬಿಸಿ ಮತ್ತು ಬೆಳಕು ಸಾಮಾನ್ಯ ಕಾರಣಗಳು. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಇಂಥ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಸ್ಥೂಲವಾದ ಲೆಕ್ಕ. ಆದುದರಿಂದ ಮಡಿಕೇರಿಯ ತಂಪಿನಲ್ಲಿ ವರ್ಷಗಟ್ಟಲೆ ಬಾಳುವ ಬ್ಯಾಂಡು ತಗಡಿನ ಛಾವಣಿಯ ಗೋದಾಮಿನ ಅಟ್ಟದಲ್ಲಿ, ಅಥವಾ ಬಿಸಿಲಲ್ಲಿ ನಿಂತ ಜೀಪಿನ ಮುಂಭಾಗದ ಗಾಜಿನ ಕೆಳಗೆ, ಬಹುಬೇಗ ಅಂಟಾಗುವುದು ಆಶ್ಚರ್ಯವಲ್ಲ. ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ಬಿಸಿಯ ಜೊತೆಗೆ ಹೊಗೆಯ ಜಿಡ್ಡೂ ಇಲ್ಲಣವೂ ಸೇರುತ್ತವೆ. ಅಲ್ಲಿ ಬ್ಯಾಂಡು ಇಡಲೇಬಾರದು.

ಕೊಡಗಿನಲ್ಲಿ ವಿಶೇಷವಾಗಿ ಗಮನಿಸಬೇಕಾದ, ಆದರೆ ಯಾರ ಅನುಮಾನವೂ ಹೋಗದ ಕಾರಣವೊಂದಿದೆ: ತಾಮ್ರ. ತಾಮ್ರದ ಲವಣಗಳು ನೈಸರ್ಗಿಕ ರಬ್ಬರಿಗೆ ವಿಷವಿದ್ದಂತೆ. ಹತ್ತು ಲಕ್ಷಕ್ಕೆ ಕೆಲವು ಪಾಲು ಇದ್ದರೂ ಅವು ಆಮ್ಲಜನಕದ ದಾಳಿಯನ್ನು ವೇಗಗೊಳಿಸುತ್ತವೆ, ತಾವು ಮಾತ್ರ ಖರ್ಚಾಗದೆ ಉಳಿದು ಮತ್ತೆ ಮತ್ತೆ ಅದೇ ಕೆಲಸ ಮಾಡುತ್ತವೆ. ಮ್ಯಾಂಗನೀಸ್ ಲವಣಗಳ ಗುಣವೂ ಇಂಥದೇ. ನಮ್ಮ ತೋಟಗಳಲ್ಲಿ ಕರಿಮೆಣಸಿನ ಶೀಘ್ರ ಸೊರಗು ರೋಗಕ್ಕೆ ಶೇಕಡ 1ರ ಬೋರ್ಡೋ ದ್ರಾವಣವನ್ನೂ (ಮೈಲುತುತ್ತ ಮತ್ತು ಸುಣ್ಣದ ಶಿಲೀಂಧ್ರನಾಶಕ) ಕಾಫಿಯ ಎಲೆ ತುಕ್ಕು ರೋಗಕ್ಕೆ ಶೇಕಡ 0.5ರದನ್ನೂ ಮುಂಗಾರಿನ ಹಿಂದುಮುಂದು ಸಿಂಪಡಿಸುತ್ತೇವೆ. ಶೇಕಡ 1ರದಕ್ಕೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕದಲ್ಲಿ ಈ ದ್ರಾವಣವನ್ನು ಕಲಸುವ ಶೆಡ್ಡಿನ ನೆಲ, ಗೋಡೆ, ಡ್ರಮ್ಮು, ಬಾಗಿಲ ಚಿಲಕದವರೆಗೂ ನೀಲಿಯ ಸೂಕ್ಷ್ಮ ಪುಡಿ ಹರಡಿರುತ್ತದೆ. ಮೈಲುತುತ್ತದ ಚೀಲದ ಬಾಯಿಗೆ ಬ್ಯಾಂಡ್ ಹಾಕುವುದು, ಆ ಬ್ಯಾಂಡನ್ನೇ ಬಿಚ್ಚಿ ಡಬ್ಬಿಗೆ ಮರಳಿಸುವುದು, ಔಷಧದ ಪುಸ್ತಕವನ್ನು ಅದೇ ಶೆಡ್ಡಿನಲ್ಲಿ ಬ್ಯಾಂಡ್ ಸುತ್ತಿ ನೇತುಹಾಕುವುದು ಎಲ್ಲೆಡೆ ನಡೆಯುವ ಸಂಗತಿಗಳು. ಹೀಗೆ ಸೋಂಕಿದ ಬ್ಯಾಂಡು ಕೆಲವೇ ವಾರಗಳಲ್ಲಿ ಜಿಗುಟಾಗಿ, ಬಿದ್ದ ಧೂಳನ್ನೆಲ್ಲ ತನ್ನೊಳಗೆ ಸೇರಿಸಿಕೊಳ್ಳುತ್ತದೆ. ರಬ್ಬರ್ ತೋಟಗಳಲ್ಲೂ ಮಳೆಗಾಲಕ್ಕೆ ಮುಂಚೆ ಎಲೆ ಉದುರುವ ರೋಗಕ್ಕೆ ತಾಮ್ರದ ಔಷಧ ಸಿಂಪಡಿಸುತ್ತಾರೆ. ಅದು ಇಳಿಸುವ ಹಾಲಿಗೆ ಬೆರೆಯದಂತೆ ಜಾಗ್ರತೆ ವಹಿಸುವುದಕ್ಕೂ ಇದೇ ಕಾರಣ.

ತಾಮ್ರದಿಂದ ಬಂದ ಅಂಟಿನ ಗುರುತೆಂದರೆ ಅದು ಬ್ಯಾಂಡಿನ ಸುತ್ತ ಸಮನಾಗಿ ಇರದೆ, ಪುಡಿ ಅಥವಾ ಕೊಳೆಗೈ ತಾಗಿದ ಕಡೆ ಮಾತ್ರ ಮೊದಲು ಕಾಣಿಸುವುದು. ವಯಸ್ಸಿನಿಂದ ಬಂದ ಅಂಟು ಬಹುಮಟ್ಟಿಗೆ ಇಡೀ ಬ್ಯಾಂಡಿನಲ್ಲಿರುತ್ತದೆ. ತಾಮ್ರದ ಅಥವಾ ಹಿತ್ತಾಳೆಯ ಪಾತ್ರೆಯ ಬಾಯಿಗೆ ಬಟ್ಟೆ ಹಾಸಿ ಬ್ಯಾಂಡ್ ಬಿಗಿದಿದ್ದರೆ ಪಾತ್ರೆಗೆ ತಾಗಿದ ಒಳಮೈ ಅಂಟಾಗಿ ಹೊರಮೈ ಸರಿಯಿರುವುದನ್ನೂ ನೋಡಬಹುದು. ಇದಕ್ಕೆ ಪರಿಹಾರ ಬ್ಯಾಂಡಿನಲ್ಲಿಲ್ಲ, ವ್ಯವಸ್ಥೆಯಲ್ಲಿದೆ. ಔಷಧದ ಶೆಡ್ಡಿಗೆ ರಬ್ಬರ್ ಬ್ಯಾಂಡು ಹೋಗಬಾರದು. ಅಲ್ಲಿ ಚೀಲ ಕಟ್ಟಲು ಸೆಣಬಿನ ದಾರವೋ ಬಾಳೆನಾರೋ ಸಾಕು. ದ್ರಾವಣ ಕಲಸಿದವರು ಸೋಪಿನಿಂದ ಕೈ ತೊಳೆಯದೆ ಕಚೇರಿಯ ಸಾಮಾನು ಮುಟ್ಟಬಾರದು. ಸೋಂಕಿದ ಬ್ಯಾಂಡೊಂದು ಡಬ್ಬಿಗೆ ಬಿದ್ದಿತ್ತೆಂದು ತಿಳಿದರೆ ಅದಕ್ಕೆ ತಾಗಿದ್ದವುಗಳನ್ನೂ ತೆಗೆದುಹಾಕಿ, ಡಬ್ಬಿಯನ್ನು ತೊಳೆದು ಒಣಗಿಸಿಯೇ ಮತ್ತೆ ತುಂಬಬೇಕು.

ಬಿರುಕಿನಲ್ಲಿ ಕುಳಿತ ಧೂಳು

ಧೂಳು ಬ್ಯಾಂಡಿನ ಅಗಲಕ್ಕೆ ಅಡ್ಡಲಾಗಿ ಸಣ್ಣ ಸಣ್ಣ ಗೆರೆಗಳಾಗಿ ಕುಳಿತಿದ್ದರೆ ಅದು ಓಜೋನ್ ಮಾಡಿದ ಬಿರುಕು. ಓಜೋನ್ ಸಡಿಲವಾಗಿರುವ ರಬ್ಬರನ್ನು ಅಷ್ಟಾಗಿ ಸೀಳುವುದಿಲ್ಲ. ಎಳೆದು ಸುತ್ತಿಟ್ಟದ್ದನ್ನು, ಎಳೆತದ ದಿಕ್ಕಿಗೆ ಅಡ್ಡಲಾಗಿ ಸೀಳುತ್ತದೆ. ಸಾಮಾನ್ಯ ಗಾಳಿಯಲ್ಲಿ ನೂರು ಕೋಟಿ ಪಾಲಿಗೆ ಕೆಲವು ಹತ್ತು ಪಾಲಿನಷ್ಟು ಇರುವ ಓಜೋನೇ ಇದಕ್ಕೆ ಸಾಕು. ಕಿಡಿ ಹಾರುವ ಮೋಟರು, ವೆಲ್ಡಿಂಗ್ ಕೆಲಸ, ಹಳೆಯ ಜೆರಾಕ್ಸ್ ಯಂತ್ರ ಹತ್ತಿರವಿದ್ದರೆ ಬಿರುಕು ಬೇಗ ಬರುತ್ತದೆ. ಬಿರುಕಿಗೆ ಹೊಕ್ಕ ಮರಳಿನ ಕಣ ಪ್ರತಿ ಎಳೆತದಲ್ಲೂ ಅದನ್ನು ಹಿಗ್ಗಿಸುವುದರಿಂದ ಅಂಥ ಬ್ಯಾಂಡನ್ನು ತೊಳೆದು ಉಳಿಸಿಕೊಳ್ಳುವ ಪ್ರಯತ್ನ ಬೇಡ.

ತೊಳೆಯುವುದು, ಪುಡಿ ಲೇಪಿಸುವುದು

ಎಣ್ಣೆ, ಬೂಷ್ಟು ಅಥವಾ ಬರಿಯ ಕೈಕೊಳೆಯಿಂದ ಧೂಳು ಹಿಡಿದ, ಆದರೆ ಎಳೆದರೆ ಸರಿಯಾಗಿ ಮರಳುವ ಬ್ಯಾಂಡುಗಳನ್ನು ಮಾತ್ರ ತೊಳೆಯಬೇಕು. ಉಗುರುಬೆಚ್ಚನೆಯ ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ದ್ರವ ಹಾಕಿ, ಬ್ಯಾಂಡುಗಳನ್ನು ಕೆಲವು ನಿಮಿಷ ನೆನೆಸಿ, ಬೆರಳಿನಿಂದ ಮೆಲ್ಲಗೆ ಉಜ್ಜಿ, ನೀರು ಬದಲಿಸುತ್ತಾ ಸೋಪು ಪೂರ್ತಿ ಹೋಗುವವರೆಗೆ ಜಾಲಿಸಬೇಕು. ಉಳಿದ ಸೋಪು ತಾನೇ ಒಂದು ಅಂಟಾಗುತ್ತದೆ. ಆಮೇಲೆ ಹತ್ತಿಬಟ್ಟೆಯ ಮೇಲೆ ಹರಡಿ, ನೆರಳಿನಲ್ಲಿ, ಗಾಳಿಯಾಡುವಲ್ಲಿ ಒಣಗಿಸಬೇಕು. ಮಳೆಗಾಲದಲ್ಲಿ ತೊಳೆದರೆ ಒಣಗಲು ಒಂದು ಹಗಲು ಸಾಲದು, ಮತ್ತು ಒಲೆಯ ಮೇಲೆ ಒಣಗಿಸುವ ಆಸೆ ಹುಟ್ಟುತ್ತದೆ. ಅದಕ್ಕಿಂತ ಬೂಷ್ಟನ್ನು ಒಣಬಟ್ಟೆಯಿಂದ ಒರೆಸಿಟ್ಟು ಬಿಸಿಲು ಬಂದ ದಿನಗಳಿಗೆ ತೊಳೆಯುವ ಕೆಲಸವನ್ನು ಮುಂದೂಡುವುದು ಜಾಣತನ. ಸೀಮೆಎಣ್ಣೆ, ಥಿನ್ನರ್ ಅಥವಾ ಪೆಟ್ರೋಲಿನಿಂದ ಕೊಳೆ ತೆಗೆಯುವ ಪದ್ಧತಿ ಕೆಲವೆಡೆ ಇದೆ. ಕೊಳೆಯೇನೋ ಹೋಗುತ್ತದೆ, ಆದರೆ ಬ್ಯಾಂಡಿನೊಳಗಿದ್ದ ರಕ್ಷಕ ರಾಸಾಯನಿಕಗಳೂ ಅದರೊಡನೆ ಹೋಗುತ್ತವೆ. ಆ ಪದ್ಧತಿಯನ್ನು ಪೂರ್ತಿಯಾಗಿ ಕೈಬಿಡಬೇಕು.

ತೊಳೆದು ಒಣಗಿದ ಬ್ಯಾಂಡಿಗೆ ಟಾಲ್ಕ್ ಅಥವಾ ಜೋಳದ ಪಿಷ್ಟವನ್ನು ಲೇಪಿಸುವುದರ ತತ್ವ, ಅಕ್ಕಿರೊಟ್ಟಿಯ ಹಿಟ್ಟು ಕೈಗೆ ಹತ್ತದಂತೆ ಮೇಲೆ ಒಣಹಿಟ್ಟು ಉದುರಿಸುವುದರ ತತ್ವವೇ: ಮೈಯ ಅಂಟುವ ಚುಕ್ಕಿಗಳೆಲ್ಲ ನಾವೇ ಹಾಕಿದ ಶುದ್ಧ, ನುಣುಪಾದ ಪುಡಿಯಿಂದ ತುಂಬಿದ್ದರೆ ಹೊರಗಿನ ಧೂಳಿಗೆ ಹಿಡಿದುಕೊಳ್ಳಲು ಜಾಗವಿರುವುದಿಲ್ಲ. ಕಾಗದದ ಚೀಲಕ್ಕೆ ಬ್ಯಾಂಡುಗಳನ್ನು ಹಾಕಿ, ಒಂದು ಚಿಟಿಕೆ ಪುಡಿ ಸೇರಿಸಿ, ಬಾಯಿ ಮಡಚಿ ಅಲ್ಲಾಡಿಸಬೇಕು. ಪುಡಿ ಉಸಿರಿಗೆ ಸೇರಬಾರದಾದುದರಿಂದ ತೆರೆದ ತಟ್ಟೆಯಲ್ಲಿ ಈ ಕೆಲಸ ಮಾಡಬಾರದು. ಆಮೇಲೆ ಜರಡಿಗೆ ಹಾಕಿ ಹೆಚ್ಚಾದ ಪುಡಿಯನ್ನು ಉದುರಿಸಬೇಕು. ಮಳೆಗಾಲದಲ್ಲಿ ಪಿಷ್ಟವು ಬೂಷ್ಟಿಗೆ ಆಹಾರವಾಗುವುದರಿಂದ ಕೊಡಗಿನ ಹವೆಗೆ ಟಾಲ್ಕೇ ಸೂಕ್ತ. ಮುಖಕ್ಕೆ ಹಚ್ಚುವ ಪರಿಮಳದ ಪೌಡರನ್ನು ನಾನು ಸೂಚಿಸುವುದಿಲ್ಲ. ಅದರ ಸುವಾಸನೆ ಕಾಫಿ ಮತ್ತು ಏಲಕ್ಕಿಯ ಮಾದರಿಗಳಿಗೆ ಹತ್ತಿದರೆ ರುಚಿ ನೋಡುವವರ ತೀರ್ಮಾನವೇ ತಪ್ಪೀತು.

ಇಡುವ ಕ್ರಮ

ರಬ್ಬರ್ ವಸ್ತುಗಳ ಶೇಖರಣೆಗೆ ಐಎಸ್‌ಒ 2230 ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯಿದೆ. ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ಸಿಗಿಂತ ಕಡಿಮೆಯಿರಲಿ, ಸಾಪೇಕ್ಷ ಆರ್ದ್ರತೆ ಶೇಕಡ 70ಕ್ಕಿಂತ ಕೆಳಗಿರಲಿ, ಬೆಳಕೂ ಓಜೋನೂ ತಾಗದಿರಲಿ, ಎಳೆತವಿಲ್ಲದೆ ಸಡಿಲವಾಗಿರಲಿ ಎಂಬುದು ಅದರ ಸಾರ. ಉಷ್ಣತೆಯ ಮಟ್ಟಿಗೆ ಕೊಡಗಿನ ಬಹುಭಾಗಕ್ಕೆ ಪ್ರಕೃತಿಯೇ ಅನುಕೂಲ ಮಾಡಿಕೊಟ್ಟಿದೆ. ಆರ್ದ್ರತೆಯ ಮಟ್ಟಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಭಾಗಮಂಡಲದ ಸುತ್ತಮುತ್ತ, ಆ ಮಿತಿಯನ್ನು ತೆರೆದ ಕೋಣೆಯಲ್ಲಿ ಪಾಲಿಸುವುದು ಅಸಾಧ್ಯ. ಆದುದರಿಂದ ಇಲ್ಲಿ ಎರಡು ಬಗೆಯ ಏರ್ಪಾಡು ಬೇಕಾಗುತ್ತದೆ. ಒಣ ತಿಂಗಳುಗಳಲ್ಲಿ ರಟ್ಟು ಅಥವಾ ಹತ್ತಿಯ ಚೀಲ; ಮಳೆ ಹಿಡಿಯುವ ಮೊದಲು ಬಿಗಿ ಮುಚ್ಚಳದ ತಗಡಿನ ಡಬ್ಬಿ, ಅದರೊಳಗೆ ಕಾಗದದ ಲಕೋಟೆಯಲ್ಲಿ ಬ್ಯಾಂಡುಗಳು ಮತ್ತು ಬದಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣ. ಮೇಜಿನ ಮೇಲೆ ಆ ದಿನಕ್ಕೆ ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡರೆ ಉಳಿದವು ಧೂಳಿಗೆ ಸಿಗುವುದಿಲ್ಲ. ಫ್ರಿಜ್ಜಿನಲ್ಲಿ ಇಡುವುದರಿಂದ ಆಯಸ್ಸು ಹೆಚ್ಚುವುದು ನಿಜ, ಆದರೆ ಹೊರತೆಗೆದ ಪೊಟ್ಟಣ ಕೋಣೆಯ ಉಷ್ಣತೆಗೆ ಬರುವ ಮುನ್ನ ತೆರೆದರೆ ಬ್ಯಾಂಡುಗಳ ಮೇಲೆ ನೀರು ಕಟ್ಟಿ ಬೂಷ್ಟಿಗೆ ದಾರಿಯಾಗುತ್ತದೆ.

ಒಂದು ಕಿಲೋ ಕೊಂಡರೆ ಅಗ್ಗವೆಂದು ವರ್ಷಗಳಿಗಾಗುವಷ್ಟು ತಂದಿಡುವುದು ಲಾಭವಲ್ಲ. ಕಡಿಮೆ ಕೊಂಡು, ದಿನಾಂಕ ಬರೆದು, ಹಳೆಯದನ್ನು ಮೊದಲು ಖಾಲಿ ಮಾಡಬೇಕು. ಬಿಸಿಲು, ಗಾಳಿಗೆ ಒಡ್ಡಿಕೊಂಡೇ ಇರಬೇಕಾದ ಕಡೆಗೆ, ಉದಾಹರಣೆಗೆ ನರ್ಸರಿಯ ಬಲೆ ಕಟ್ಟಲು, ಮುಖ್ಯ ಸರಪಣಿಯಲ್ಲಿ ದ್ವಿಬಂಧಗಳಿಲ್ಲದ ಇಪಿಡಿಎಂ ಎಂಬ ಕೃತಕ ರಬ್ಬರಿನ ಬ್ಯಾಂಡು ಉತ್ತಮ. ಅದಕ್ಕೆ ಓಜೋನೂ ಬೆಳಕೂ ಅಷ್ಟು ಬೇಗ ತಟ್ಟುವುದಿಲ್ಲ. ಎಳೆ ಬರುವಷ್ಟು ಕರಗಿದ, ಬಿರುಕು ಬಿಟ್ಟ ಬ್ಯಾಂಡುಗಳನ್ನು ಒಲೆಗೆ ಹಾಕಬಾರದು, ಗಂಧಕದ ಕಟುಹೊಗೆ ಬರುತ್ತದೆ. ಒಣಕಸದ ಜೊತೆ ಕೊಡಬೇಕು.

ಜಮೀನಿನ ದಾಖಲೆ, ಹಳೆಯ ಪಗಾರ ಪುಸ್ತಕ, ಪತ್ರಗಳ ಕಟ್ಟುಗಳಂಥ ವರ್ಷಾನುಗಟ್ಟಲೆ ಇಡಬೇಕಾದ ಕಾಗದಗಳಿಗೆ ರಬ್ಬರ್ ಬ್ಯಾಂಡು ಹಾಕಲೇಬಾರದು; ಹತ್ತಿಯ ಲಾಡಿ ಕಟ್ಟಬೇಕು. ಈಗಾಗಲೇ ಬ್ಯಾಂಡು ಕರಗಿ ಧೂಳಿನೊಡನೆ ಕಾಗದಕ್ಕೆ ಹತ್ತಿಕೊಂಡಿದ್ದರೆ ಎಳೆದು ಕೀಳಬಾರದು, ಕಾಗದದ ಮೈ ಕಿತ್ತುಬರುತ್ತದೆ. ಗಟ್ಟಿಯಾಗಿ ಒಣಗಿದ್ದಾದರೆ ಮೊಂಡು ಚಾಕುವಿನ ಬಾಯಿಯನ್ನು ಕಾಗದಕ್ಕೆ ಸಮಾಂತರವಾಗಿ ಹಿಡಿದು ಚೂರು ಚೂರಾಗಿ ಬಿಡಿಸಬೇಕು. ಇನ್ನೂ ಜಿಗುಟಾಗಿದ್ದರೆ ಕಟ್ಟನ್ನು ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಫ್ರಿಜ್ಜಿನ ಮಂಜುಗಡ್ಡೆಯ ಖಾನೆಯಲ್ಲಿ ಕೆಲವು ಗಂಟೆ ಇರಿಸಿದರೆ ಅಂಟು ಬಿರುಸಾಗುತ್ತದೆ. ಚೀಲದಿಂದ ತೆಗೆದ ಕೂಡಲೇ ಕಾಗದಕ್ಕೆ ತೇವ ಹಿಡಿಯುವ ಮುನ್ನ, ಒಣಹವೆಯ ದಿನದಲ್ಲಿ, ಒಂದೊಂದೇ ಹಾಳೆಯನ್ನು ಬಿಡಿಸಬೇಕು. ಕಂದು ಕಲೆ ಉಳಿದರೆ ಅದನ್ನು ಯಾವ ದ್ರಾವಕದಿಂದಲೂ ತೆಗೆಯಲು ಹೋಗದೆ, ಪಕ್ಕದ ಹಾಳೆಗೆ ಹತ್ತದಂತೆ ನಡುವೆ ಒಂದು ಬಿಳಿ ಕಾಗದವನ್ನಿಟ್ಟು ಲಾಡಿಯಿಂದ ಕಟ್ಟಬೇಕು.